ಪೇಪರ್ ಕಪ್ಪಿನ ಕಾಫಿ

"ನಿಮ್ಮೂರಲ್ಲಿ ಯಾವ ಜನ ಜಾಸ್ತಿ?" ಅಂತ ಬೆಂಗಳೂರಿನ ಆಫೀಸಲ್ಲಿ ಯಾರಾದರೂ ಕೇಳಿದರೆ ನಾನು ಕೊಡೋ ಉತ್ತರ ಒಂದೇ: "ತೆಂಗಿನ ಮರಗಳು." ಎಲ್ಲರೂ ನಗ್ತಾರೆ, ಮಾತು ಅಲ್ಲಿಗೆ ಮುಗಿಯುತ್ತೆ. ಕೇಳಿದವರಿಗೆ ಬೇಕಿದ್ದದ್ದು ಜಾತಿ ಲೆಕ್ಕ ಅಂತ ನನಗೂ ಗೊತ್ತು, ಅವರಿಗೂ ಗೊತ್ತು.

2025ರ ದಸರಾ ರಜೆಗೆ ಊರಿಗೆ ಹೋದಾಗ ಮಾತ್ರ ಹಾಗೆ ತಪ್ಪಿಸಿಕೊಳ್ಳೋಕೆ ಆಗಲಿಲ್ಲ. ನಮ್ಮದು ತಿಪಟೂರಿಗೂ ತುರುವೇಕೆರೆಗೂ ನಡುವಿನ ಒಂದು ಹಳ್ಳಿ. ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಗಿತ್ತು. ಬಾಗಿಲಿಗೆ ಆಗಲೇ ಸ್ಟಿಕ್ಕರ್ ಅಂಟಿತ್ತು. ರಜೆ ಕಳಕೊಂಡ ಮುಖದ ಮೇಷ್ಟ್ರು ಒಬ್ಬರು ಮೊಬೈಲ್ ಹಿಡಿದು ಜಗಲಿ ಮೇಲೆ ಕೂತರು. ಅರವತ್ತು ಪ್ರಶ್ನೆ. ಜಾತಿ ಕೇಳಿದಾಗ ಅಮ್ಮ ಪಟ್ಟನೆ ಹೇಳಿದಳು. ಉಪಜಾತಿ ಕೇಳಿದಾಗ ಒಳಗೆ ತಿರುಗಿ ಅಪ್ಪನನ್ನ ಕೂಗಿದಳು. ಈ ಕಡೆ ಹೆಚ್ಚಿರೋ ಎರಡು ಜಾತಿಗಳಲ್ಲಿ ನಮ್ಮದೂ ಒಂದು. ಯಾವುದು ಅಂತ ಬರೆಯಲ್ಲ. ಬರೆದರೆ ನಿಮ್ಮಲ್ಲಿ ಅರ್ಧ ಜನ ಓದೋದು ಬಿಟ್ಟು ನನ್ನ ಅಳೆಯೋಕೆ ಶುರು ಮಾಡ್ತೀರಿ.

ಅಷ್ಟರಲ್ಲಿ ಆ್ಯಪ್ ನಿಂತುಹೋಯ್ತು. ಮೇಷ್ಟ್ರು ಸಿಗ್ನಲ್ ಹುಡುಕಿಕೊಂಡು ರಸ್ತೆ ಕಡೆ ಹೋದರು. ನಾನು ಹಿತ್ತಲಿಗೆ ಹೋದೆ. ಅಲ್ಲಿ ಅಟ್ಟದಿಂದ ಇಳಿಸಿದ ಕಾಯಿ ರಾಶಿ ಬಿದ್ದಿತ್ತು.

ಗೊತ್ತಿಲ್ಲದವರಿಗೆ ಹೇಳ್ತೀನಿ. ನಮ್ಮ ಕಡೆಯ ಉಂಡೆ ಕೊಬ್ಬರಿ ಬಿಸಿಲಲ್ಲಿ ಒಣಗಿಸಿದ್ದಲ್ಲ. ಬಲಿತ ಕಾಯಿನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡ್ತೀವಿ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಮಟ್ಟೆ ಸುಲಿದು, ಚಿಪ್ಪು ಒಡೆದು, ಉಂಡೆ ಒಡೆಯದ ಹಾಗೆ ತೆಗೀಬೇಕು.

ಆ ರಾಶಿ ನೋಡ್ತಾ ನಮ್ಮೂರ ಜನರ ಲೆಕ್ಕ ನನಗೆ ಬೇರೆ ಥರ ಕಾಣಿಸ್ತು. ತೋಟ ಬಹುಪಾಲು ಲಿಂಗಾಯತರದು, ಒಕ್ಕಲಿಗರದು, ಕುರುಬರದೂ ಇದೆ. ಚಿಕ್ಕನಾಯಕನಹಳ್ಳಿ ಕಡೆ ಹೋದರೆ ಕಾಡುಗೊಲ್ಲರ ಹಟ್ಟಿಗಳು. ಕುರಿ ಮೇಯಿಸಿಕೊಂಡು ಜುಂಜಪ್ಪನ್ನ ನಂಬಿ ಬದುಕಿದ ಜನ. ಎಸ್‌ಟಿ ಪಟ್ಟಿಗೆ ಸೇರಿಸಿ ಅಂತ ವರ್ಷಗಳಿಂದ ಕೇಳ್ತಾನೇ ಇದ್ದಾರೆ. ಕಾಯಿ ಸಾಗಿಸೋ ಲಾರಿ, ಅದರ ಗ್ಯಾರೇಜು ಅಂದರೆ ಹೆಚ್ಚಾಗಿ ಮುಸ್ಲಿಮರು. ಮನೇಲಿ ಉರ್ದು, ಸಂತೇಲಿ ನನಗಿಂತ ಖಡಕ್ ತಿಪಟೂರು ಕನ್ನಡ. ಎಪಿಎಂಸಿಯಲ್ಲಿ ವಾರಕ್ಕೆರಡು ದಿನ ಹರಾಜು. ಅಲ್ಲಿ ರವಾನೆದಾರರ ಫೋನಲ್ಲಿ ಹಿಂದಿ ಕೇಳುತ್ತೆ, ಯಾಕಂದರೆ ನಮ್ಮ ಉಂಡೆ ತಿನ್ನೋರು ಹೆಚ್ಚಾಗಿ ಉತ್ತರ ಭಾರತದವರು. ಪೇಟೆ ಬೀದೀಲಿ ಮಾರ್ವಾಡಿ ಅಂಗಡಿಗಳು. ಕೊಬ್ಬರಿ ಪುಡಿ ಫ್ಯಾಕ್ಟರಿಗಳಲ್ಲಿ ಈಗ ಅಸ್ಸಾಮಿನ, ಬಿಹಾರದ ಹುಡುಗರು. ಊರಿನ ಅಗ್ರಹಾರದ ಮನೆಗಳಿಗೆ ಬೀಗ; ಅವರ ಮಕ್ಕಳು ನನ್ನ ಥರಾನೇ ಬೆಂಗಳೂರಲ್ಲಿ, ಕೆಲವರು ಅಮೆರಿಕದಲ್ಲಿ.

ಮತ್ತೆ, ಕಾಯಿ ಸುಲಿಯೋರು.

ನಮ್ಮ ಮನೇಲಿ ಇಪ್ಪತ್ತೈದು ವರ್ಷದಿಂದ ಕಾಯಿ ಸುಲಿಯೋದು ಒಬ್ಬರೇ. ಇಲ್ಲಿ ಅವರನ್ನ ಅಜ್ಜ ಅಂತೀನಿ. ಊರಲ್ಲಿ ಯಾವತ್ತೂ ಹಾಗೆ ಕರೆದಿಲ್ಲ. ಅಪ್ಪನಿಗಿಂತ ದೊಡ್ಡವರು, ಆದರೆ ಮಾತು ಕಲಿತಾಗಿಂದ ನಾನು ಅವರನ್ನ ಹೆಸರಿಡಿದು "ಬಾರೋ, ಹೋಗೋ" ಅಂತಾನೇ ಕರೆದದ್ದು. ಯಾರೂ ತಿದ್ದಲಿಲ್ಲ. ಮೇಷ್ಟ್ರಿಗೆ ಬಹುವಚನ, ಅವರಿಗೆ ಏಕವಚನ. ಇದನ್ನ ಯಾರೂ ಹೇಳಿಕೊಡಲಿಲ್ಲ, ಹಾಗೇ ಬಂತು.

"ನಿಮ್ಮ ಮನೆಗೂ ಬಂದಿದ್ರಾ?" ಅಂತ ಕೇಳಿದೆ. 'ನಿಮ್ಮ' ಅಂದದ್ದು ಅವರಿಗೂ ವಿಚಿತ್ರ ಅನ್ನಿಸಿರಬೇಕು, ತಲೆ ಎತ್ತಿ ನೋಡಿದರು.

"ಬಂದಿದ್ರು ಕಣವ್ವ. ಬೇಸಿಗೇಲೂ ಬಂದಿದ್ರಲ್ಲ. ಏಕೆ ಅಂದ್ರೆ ಸಾಲಲ್ಲ, ಒಳಗಿನ್ದು ಹೇಳು ಅಂದ್ರು."

ಏಕೆ ಅಂದರೆ ಎ.ಕೆ., ಆದಿ ಕರ್ನಾಟಕ. ಹೊಲೆಯ, ಮಾದಿಗ ಅನ್ನೋ ಹೆಸರುಗಳನ್ನ ಊರು ಬೈಗುಳ ಮಾಡಿಬಿಟ್ಟಿದ್ದರಿಂದ ಮೈಸೂರು ಸಂಸ್ಥಾನದ ಕಾಲದಲ್ಲೇ ಬಂದ ಗೌರವದ ಹೆಸರದು. ತೊಂದರೆ ಏನಾಯ್ತು ಅಂದರೆ, ಎರಡೂ ಸಮುದಾಯದವರು ಸರ್ಟಿಫಿಕೇಟಲ್ಲಿ ಅದನ್ನೇ ಬರೆಸಿಕೊಂಡರು. ಒಳಮೀಸಲಾತಿ ಕೊಡಬಹುದು ಅಂತ 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಯಾರು ಎಷ್ಟು ಅಂತ ತಿಳಿಯಲೇಬೇಕಾಯ್ತು. ಅದಕ್ಕೇ 2025ರ ಮೇನಲ್ಲಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗದ ಸಮೀಕ್ಷೆ. ಆಗಸ್ಟಲ್ಲಿ ಸರ್ಕಾರ ಶೇಕಡ 17ರ ಮೀಸಲಾತಿಯನ್ನ 6, 6, 5 ಅಂತ ಹಂಚಿತು.

"ಹೇಳಿದ್ರಾ ಮತ್ತೆ?"

"ನನ್ ಬಾಯಲ್ಲಿ ಬರ್ಲಿಲ್ಲ. ಆ ಹೆಸರು ನಾನು ಬೇರೆಯೋರ ಬಾಯಲ್ಲಿ ಕೇಳಿರೋದೇ ಹೊರತು ಹೇಳಿ ಗೊತ್ತಿಲ್ಲ. ಮೊಮ್ಮಗಳು ಡಿಗ್ರಿ ಓದ್ತಾವ್ಳೆ, ಅವಳೇ ಬಂದು ಗಟ್ಟಿಯಾಗಿ ಹೇಳುದ್ಲು. ಬರ್ಕಳಿ ಸಾ ಅಂದ್ಲು."

ಇಷ್ಟು ಹೇಳಿ ಮತ್ತೆ ಸುಲಿಯೋಕೆ ಬಗ್ಗಿದರು. ನಾನು ಅಲ್ಲೇ ನಿಂತೆ. ಜಾತಿ ಲೆಕ್ಕ ಯಾಕೆ ಬೇಕು, ಇದರಿಂದ ಸಮಾಜ ಒಡೆಯುತ್ತೆ ಅಂತ ಆಫೀಸ್ ಕ್ಯಾಂಟೀನಲ್ಲಿ ವಾದ ಮಾಡಿದವಳು ನಾನು. ದೇಶದಲ್ಲಿ ಎಲ್ಲ ಜಾತಿಗಳನ್ನ ಎಣಿಸಿ ಪ್ರಕಟಿಸಿದ್ದು 1931ರಲ್ಲಿ ಕೊನೆ, ಮುಂದೆ 2027ರ ಜನಗಣತಿಯಲ್ಲಿ ಅಂತೆ. ನಡುವೆ ಎಣಿಸದೇ ಇದ್ದ ಇಷ್ಟೂ ವರ್ಷ ನಮ್ಮ ಹಿತ್ತಲಲ್ಲಿ ಯಾರಿಗೂ ಲೆಕ್ಕ ತಪ್ಪಿರಲಿಲ್ಲ. ಯಾರು ಜಗಲಿ ಹತ್ತಬೇಕು, ಯಾರು ಹಿತ್ತಲಿಂದ ಬರಬೇಕು ಎಲ್ಲರಿಗೂ ಬಾಯಿಪಾಠ.

ಮೇಷ್ಟ್ರು ವಾಪಸ್ ಬಂದರು. ಅಮ್ಮ ಕಾಫಿ ತಂದಳು. ಮೇಷ್ಟ್ರಿಗೆ ಸ್ಟೀಲ್ ಲೋಟ. ಅಜ್ಜನಿಗೆ ಪೇಪರ್ ಕಪ್.

ನಾನು ಚಿಕ್ಕವಳಿದ್ದಾಗ ಅವರ ಲೋಟ ದನದ ಕೊಟ್ಟಿಗೆಯ ಗೂಡಲ್ಲಿರುತ್ತಿತ್ತು. ಕುಡಿದು ಅವರೇ ತೊಳೆದು ಇಡೋರು. ಪೇಪರ್ ಕಪ್ ಬಂದಾಗ ಆ ಲೋಟ ಮಾಯವಾಯ್ತು. ಕಾಲ ಬದಲಾಯ್ತು ಅಂತ ನಾನು ಖುಷಿ ಪಟ್ಟಿದ್ದೆ. ಬದಲಾಗಿದ್ದದ್ದು ಲೋಟ ಮಾತ್ರ. ನಮ್ಮ ಕಾಯಿ ಇಷ್ಟೊಂದು ಜನರ ಕೈ ದಾಟಿ ದಿಲ್ಲಿ ಸೇರುತ್ತೆ, ಕಾಫಿ ಲೋಟ ಅಡುಗೆಮನೆಯಿಂದ ಹಿತ್ತಲಿಗೆ ದಾಟಲ್ಲ.

ರಾತ್ರಿ ಅಮ್ಮನ ಕೇಳಿದೆ. ಸಿಟ್ಟಾದಳು. "ಕೆಲಸದೋರು ಅಂದ್ಮೇಲೆ ಎಲ್ರಿಗೂ ಪೇಪರ್ ಕಪ್ಪೇ ಕಣೇ, ತೊಳೆಯೋರ್ಯಾರು? ನೀನು ಎರಡು ದಿನಕ್ಕೆ ಬಂದು ನ್ಯಾಯ ಹೇಳ್ಬೇಡ."

ಅಮ್ಮ ಕೆಟ್ಟವಳಲ್ಲ. ಅಜ್ಜನ ಹೆಂಡತಿಗೆ ಹುಷಾರಿಲ್ಲದಾಗ ಆಸ್ಪತ್ರೆಗೆ ದುಡ್ಡು ಕೊಟ್ಟವಳು ಅವಳೇ. ಅದಕ್ಕೇ ಈ ವಿಷಯ ಕಷ್ಟ.

ಮರುದಿನ ಬೆಳಿಗ್ಗೆ ಕಾಫಿ ನಾನೇ ಮಾಡಿದೆ. ಎರಡು ಸ್ಟೀಲ್ ಲೋಟ ಹಿಡಿದು ಹಿತ್ತಲಿಗೆ ಹೋದೆ. ಅಜ್ಜ ಲೋಟ ನೋಡಿದರು, ನನ್ನ ನೋಡಿದರು, ಅಡುಗೆಮನೆ ಬಾಗಿಲ ಕಡೆ ನೋಡಿದರು. "ಕಪ್ಪಲ್ಲೇ ಹುಯ್ದು ಕೊಡವ್ವ," ಅಂದರು. "ನೀನು ನಾಳೆ ಹೋಯ್ತೀಯ. ನಾನು ಇಲ್ಲೇ ಇರ್ಬೇಕು."

ಕಪ್ಪಿಗೇ ಹುಯ್ದು ಕೊಟ್ಟೆ. ನಾನೂ ಕಪ್ಪಲ್ಲೇ ಕುಡಿದೆ. ಅದರಿಂದ ಏನೂ ಆಗಲಿಲ್ಲ ಅಂತ ಗೊತ್ತು.

ಬಂದಮೇಲೆ ಒಂದೇ ಒಂದು ಅಭ್ಯಾಸ ಮಾಡಿಕೊಂಡಿದ್ದೀನಿ. ಅಮ್ಮ ಫೋನ್ ಮಾಡಿದಾಗ "ಅಜ್ಜ ಬಂದಿದ್ರಾ? ಹೇಗಿದ್ದಾರೆ?" ಅಂತ ಕೇಳ್ತೀನಿ. ಮೊದಮೊದಲು "ಯಾವ ಅಜ್ಜನೇ?" ಅಂತಿದ್ದಳು. ಹೋದ ವಾರ ಬಾಯಿ ತಪ್ಪಿಯೋ ಏನೋ, "ಬಂದಿದ್ರು ಕಣೇ" ಅಂದಳು. ಕಾಫಿ ಯಾವುದರಲ್ಲಿ ಕೊಟ್ಟೆ ಅಂತ ಕೇಳೋ ಧೈರ್ಯ ಇನ್ನೂ ಬಂದಿಲ್ಲ.

ನಿಮ್ಮ ಮನೆ ಹಿತ್ತಲಲ್ಲಿ ಯಾವ ಲೋಟ ಇದೆ? ಈ ಸಲ ಊರಿಗೆ ಹೋದಾಗ ನೋಡಿಕೊಂಡು ಬನ್ನಿ.