ರೂಮು ಹಿಡಿಯುವ ಮುನ್ನ ಕಿಟಕಿ ನೋಡಿ

ಕೊಬ್ಬರಿ ಮಾರಿ ಕೈಗೆ ನಾಲ್ಕು ಕಾಸು ಬಂತೆಂದರೆ ನಮ್ಮ ದಬ್ಬೇಘಟ್ಟ, ತುರುವೇಕೆರೆ ಕಡೆಯ ಹಿರಿಯರಿಗೆ ಕಾಶಿ, ಕೇದಾರ ನೆನಪಾಗುತ್ತವೆ; ಹುಡುಗರಿಗೆ ಊಟಿ, ಕೊಡೈಕೆನಾಲ್. ಎಲ್ಲಿಗೇ ಹೋಗಲಿ, ರಾತ್ರಿ ತಂಗಲು ಒಂದು ರೂಮು ಬೇಕಲ್ಲ? ಲಾಡ್ಜಿನವರನ್ನು ನಾವು ಕೇಳುವುದು ಮೂರೇ ಪ್ರಶ್ನೆ: ಬಾಡಿಗೆ ಎಷ್ಟು? ಬಿಸಿನೀರು ಬರುತ್ತದೆಯೇ? ಹಾಸಿಗೆ ಚೊಕ್ಕಟವಾಗಿದೆಯೇ? ಈ ರೂಮಿಗೆ ಗಾಳಿ ಎಲ್ಲಿಂದ ಬರುತ್ತದೆ ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳುವವರು ಅಪರೂಪ.

2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬ ಬೆಟ್ಟದೂರಿನಲ್ಲಿ ಕೇರಳದ ಎಂಟು ಪ್ರವಾಸಿಗರು ಒಂದೇ ಕೋಣೆಯಲ್ಲಿ ಮಲಗಿದರು. ಅವರಲ್ಲಿ ನಾಲ್ವರು ಮಕ್ಕಳು. ಚಳಿಗೆ ಗ್ಯಾಸ್ ಹೀಟರ್ ಹಚ್ಚಿ, ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿಕೊಂಡಿದ್ದರು. ಬೆಳಗ್ಗೆ ಎಚ್ಚರವಿಲ್ಲದೆ ಬಿದ್ದಿದ್ದ ಅವರನ್ನು ಕಠ್ಮಂಡುವಿನ ಆಸ್ಪತ್ರೆಗೆ ಸಾಗಿಸಿದರೂ ಒಬ್ಬರೂ ಉಳಿಯಲಿಲ್ಲ.

ಗ್ಯಾಸಾಗಲಿ, ಇದ್ದಿಲಾಗಲಿ, ಪೂರ್ತಿ ಉರಿಯಲು ಸಾಕಷ್ಟು ಆಮ್ಲಜನಕ ಬೇಕು. ಮುಚ್ಚಿದ ಕೋಣೆಯಲ್ಲಿ ಅದು ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಂತೆ ಕೆಮ್ಮು ಬರಿಸಿ ಎಬ್ಬಿಸುವುದೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಬಸ್ಸಿನ ಸೀಟು ಹಿಡಿದು ಕೂತವನು ಏಳದಿದ್ದರೆ ನಿಂತವನಿಗೆ ಜಾಗವೆಲ್ಲಿ? ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಪ್ರಯಾಣದ ಆಯಾಸವೆಂದು ನಾವು ಮಲಗಿಬಿಡುತ್ತೇವೆ. ನಿದ್ದೆಯಲ್ಲಿರುವವರಿಗೆ ಅಷ್ಟೂ ತಿಳಿಯುವುದಿಲ್ಲ.

ಇದು ಚಳಿಯೂರಿನ ಮಾತು ಮಾತ್ರವಲ್ಲ. ಬಚ್ಚಲಿನೊಳಗೇ ಗ್ಯಾಸ್ ಗೀಸರ್ ಇದ್ದು, ಗಾಳಿಕಿಂಡಿ ಮುಚ್ಚಿದ್ದರೆ ಸೆಕೆಯ ಊರಿನಲ್ಲೂ ಇದೇ ಅಪಾಯ. ಕಾಲಿನ ಶಕ್ತಿ ಉಡುಗಿ, ಒಳಗಿದ್ದವರಿಗೆ ಚಿಲಕ ತೆಗೆಯಲೂ ಆಗದಿರಬಹುದು.

ಆದ್ದರಿಂದ ಮುಂಗಡ ಕೊಡುವ ಮುಂಚೆ ರೂಮಿನ ಒಳಗೆ ಹೋಗಿ ನೋಡಿ. ಕಿಟಕಿಯನ್ನು ಕೈಯಾರೆ ತೆರೆಯಿರಿ. ಮೊಳೆ ಹೊಡೆದಿದ್ದರೆ ಬೇರೆ ರೂಮು ಕೇಳಿ. ಬಚ್ಚಲಿನ ಕಿಂಡಿಗೆ ರಟ್ಟು, ಪ್ಲಾಸ್ಟಿಕ್ ತುರುಕಿದ್ದಾರೆಯೇ ಗಮನಿಸಿ. ಗೀಸರ್ ಗ್ಯಾಸಿನದಾದರೆ ಅದು ಬಚ್ಚಲಿನ ಹೊರಗೆ, ಬಯಲುಗಾಳಿಯಲ್ಲಿ ಇರಬೇಕು. ಒಳಗಿದ್ದರೆ ಬಕೆಟ್ಟಿನಲ್ಲಿ ಬಿಸಿನೀರು ತರಿಸಿಕೊಳ್ಳುವುದೇ ಕ್ಷೇಮ. ಮಲಗುವ ಕೋಣೆಗೆ ಇದ್ದಿಲ ಅಗ್ಗಿಷ್ಟಿಕೆ, ಗ್ಯಾಸ್ ಹೀಟರ್ ಬೇಡವೇ ಬೇಡ; ಇನ್ನೆರಡು ಕಂಬಳಿ ಕೇಳಿ. ಕಿಟಕಿ ತುಸು ತೆರೆದಿಟ್ಟೆವಲ್ಲ ಎಂಬ ಧೈರ್ಯವೂ ಸಲ್ಲದು.

ಕೊಬ್ಬರಿಯಾಗಲೆಂದು ಅಟ್ಟಕ್ಕೆ ಕಾಯಿ ತುಂಬುವಾಗ ಗಾಳಿಯಾಡುತ್ತದೆಯೇ ಎಂದು ನೋಡುವ ನಾವು, ಮಕ್ಕಳನ್ನು ಮಲಗಿಸುವಾಗಲೂ ಅಷ್ಟು ನೋಡಬೇಡವೇ?

ರೂಮಿನಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು ಬಂದರೆ ಮಾತ್ರೆ ಹುಡುಕುತ್ತ ಕೂರಬೇಡಿ. ಎಲ್ಲರನ್ನೂ ಹೊರಗೆ ಕರೆದು ತನ್ನಿ. ಬಳಿಕ ಆಸ್ಪತ್ರೆಗೆ ಹೋಗಿ, ಗ್ಯಾಸ್ ಉರಿಯುತ್ತಿತ್ತೆಂದು ಡಾಕ್ಟರಿಗೆ ತಪ್ಪದೆ ಹೇಳಿ. ಅವರು ಕೊಡುವ ಆಮ್ಲಜನಕವೇ ಇದಕ್ಕೆ ಮದ್ದು.