ಎರಡನೆಯ ಸ್ಥಾನಕ್ಕೆ ಯಾರು? ಮತದಾರನ ಒಂದು ಪ್ರಶ್ನೆ

ನಮ್ಮ ನಾಡಿನ ಅನೇಕ ವಾಣಿಜ್ಯ ಸಂಸ್ಥೆಗಳಲ್ಲಿ ಒಂದು ಒಳ್ಳೆಯ ರೂಢಿಯಿದೆ. ಈ ವರ್ಷ ಹಿರಿಯ ಉಪಾಧ್ಯಕ್ಷರಾಗಿ ಆಯ್ಕೆಯಾದವರೇ ಸಾಮಾನ್ಯವಾಗಿ ಮುಂದಿನ ವರ್ಷ ಅಧ್ಯಕ್ಷ ಪೀಠಕ್ಕೆ ಬರುತ್ತಾರೆ. ಆದುದರಿಂದ ವಾರ್ಷಿಕ ಮಹಾಸಭೆಯಲ್ಲಿ ಮತ ಚಲಾಯಿಸುವ ಸದಸ್ಯರು ಉಪಾಧ್ಯಕ್ಷರ ಹೆಸರನ್ನೇ ಹೆಚ್ಚು ಎಚ್ಚರಿಕೆಯಿಂದ ಪರಿಶೀಲಿಸುತ್ತಾರೆ. ಪಾಲುದಾರಿಕೆಯ ವ್ಯವಹಾರದಲ್ಲಿಯೂ ನಾವು ಹೀಗೆಯೇ ನಡೆದುಕೊಳ್ಳುತ್ತೇವೆ. ಹಿರಿಯ ಪಾಲುದಾರರು ಊರಿನಲ್ಲಿ ಇಲ್ಲದ ದಿನ ಅಂಗಡಿಯ ಬೀಗದ ಕೈ ಯಾರ ಬಳಿ ಇರಬೇಕು, ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಯಾರಿಗೆ ಎಂಬುದನ್ನು ಕರಾರುಪತ್ರದಲ್ಲಿಯೇ ಬರೆದಿಡುತ್ತೇವೆ.

ವ್ಯಾಪಾರದಲ್ಲಿ ಇಷ್ಟು ಎಚ್ಚರದಿಂದಿರುವ ನಾವು ವಿಧಾನಸಭೆಯ ಚುನಾವಣೆ ಬಂದಾಗ ಮಾತ್ರ ಎರಡನೆಯ ಸ್ಥಾನದ ಬಗ್ಗೆ ಒಂದು ಮಾತನ್ನೂ ಕೇಳುವುದಿಲ್ಲ. ಮುಖ್ಯಮಂತ್ರಿ ಯಾರಾಗಬಹುದೆಂಬ ಊಹೆಯಾದರೂ ನಮಗಿರುತ್ತದೆ. ಉಪಮುಖ್ಯಮಂತ್ರಿ ಯಾರು, ಒಬ್ಬರೋ ಮೂವರೋ, ಅವರಿಗೆ ಯಾವ ಖಾತೆ ಎಂಬುದು ತಿಳಿಯುವುದು ಮತ ಎಣಿಕೆ ಮುಗಿದ ಮೇಲೆ. 2023ರಲ್ಲಿ ಮೇ 10ರಂದು ನಾವು ಮತ ಹಾಕಿದೆವು. 13ರಂದು ಫಲಿತಾಂಶ ಬಂದಿತು. ಶ್ರೀ ಸಿದ್ದರಾಮಯ್ಯನವರು ಮುಖ್ಯಮಂತ್ರಿಗಳಾಗಿ, ಶ್ರೀ ಡಿ.ಕೆ. ಶಿವಕುಮಾರ್ ಅವರು ಉಪಮುಖ್ಯಮಂತ್ರಿಗಳಾಗಿ ಪ್ರಮಾಣವಚನ ಸ್ವೀಕರಿಸಿದ್ದು 20ರಂದು. ಮೊದಲನೆಯವರು ಯಾರು, ಎರಡನೆಯವರು ಯಾರು ಎಂಬುದು ತೀರ್ಮಾನವಾದದ್ದು ನಡುವಿನ ಆ ಒಂದು ವಾರದಲ್ಲಿ, ದೆಹಲಿಯಲ್ಲಿ ನಡೆದ ಮಾತುಕತೆಗಳಲ್ಲಿ.

ಅಮೆರಿಕದ ಪದ್ಧತಿ, ನಮ್ಮ ಪದ್ಧತಿ

ಅಮೆರಿಕದಲ್ಲಿ ಅಧ್ಯಕ್ಷ ಹಾಗೂ ಉಪಾಧ್ಯಕ್ಷ ಅಭ್ಯರ್ಥಿಗಳು ಜೋಡಿಯಾಗಿಯೇ ಜನರ ಮುಂದೆ ಬರುತ್ತಾರೆ. ಜೊತೆಗಾರರನ್ನು ಆರಿಸುವವರು ಅಧ್ಯಕ್ಷ ಅಭ್ಯರ್ಥಿಗಳೇ. ಆ ಆಯ್ಕೆಯಲ್ಲಿ ಪ್ರಾಂತ, ಪಂಗಡ, ವಯಸ್ಸುಗಳ ಲೆಕ್ಕಾಚಾರವೂ ಇರುತ್ತದೆ. ಆದರೆ ಮತ ಹಾಕುವ ಮುನ್ನ ಎರಡೂ ಹೆಸರುಗಳು ಮತದಾರನಿಗೆ ತಿಳಿದಿರುತ್ತವೆ. ಅದು ಎಷ್ಟು ಅಗತ್ಯವೆಂಬುದಕ್ಕೆ ಆ ದೇಶದ ಇತಿಹಾಸವೇ ಸಾಕ್ಷಿ. ಎಂಟು ಬಾರಿ ಅಧ್ಯಕ್ಷರ ಮರಣದಿಂದಲೂ, 1974ರಲ್ಲಿ ಒಮ್ಮೆ ರಾಜೀನಾಮೆಯಿಂದಲೂ ಉಪಾಧ್ಯಕ್ಷರು ಅಧ್ಯಕ್ಷರಾಗಿದ್ದಾರೆ. 2024ರ ಜುಲೈನಲ್ಲಿ ಜೋ ಬೈಡನ್ ಸ್ಪರ್ಧೆಯಿಂದ ಹಿಂದೆ ಸರಿದಾಗ ಅವರ ಪಕ್ಷ ಕಣಕ್ಕಿಳಿಸಿದ್ದು ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರನ್ನೇ.

ನಮ್ಮ ಉಪರಾಷ್ಟ್ರಪತಿಯವರ ಆಯ್ಕೆಯಲ್ಲಿ ಸಂಸತ್ತಿನ ಉಭಯ ಸದನಗಳ ಸದಸ್ಯರಿಗೆ ಮಾತ್ರ ಮತವಿದೆ. ಆ ಸ್ಥಾನವೂ ಕೇವಲ ಅಲಂಕಾರಕ್ಕಲ್ಲ ಎಂಬುದನ್ನು ಕನ್ನಡಿಗರೊಬ್ಬರ ಬದುಕೇ ತೋರಿಸುತ್ತದೆ. ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ, ಬಸವ ಸಮಿತಿಯನ್ನು ಸ್ಥಾಪಿಸಿದ ಶ್ರೀ ಬಿ.ಡಿ. ಜತ್ತಿಯವರು 1974ರಲ್ಲಿ ಉಪರಾಷ್ಟ್ರಪತಿಗಳಾದರು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ನಿಧನರಾದಾಗ ಆ ಹೊಣೆ ಜತ್ತಿಯವರ ಹೆಗಲಿಗೆ ಬಂದು ಜುಲೈ 25ರವರೆಗೆ ಉಳಿಯಿತು. ತುರ್ತು ಪರಿಸ್ಥಿತಿಯ ಅನಂತರದ ಚುನಾವಣೆಯೂ, ಮೊರಾರ್ಜಿ ದೇಸಾಯಿಯವರ ಪ್ರಮಾಣವಚನವೂ ನಡೆದದ್ದು ಆ ಅವಧಿಯಲ್ಲಿಯೇ. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಆದೇಶ ಮುಂದೆ ಬಂದಾಗ ಜತ್ತಿಯವರು ಕೂಡಲೇ ಸಹಿ ಹಾಕದೆ ಯೋಚಿಸಿ, ಬಳಿಕ ಹಾಕಿದರು. ಎರಡನೆಯ ಸ್ಥಾನದಲ್ಲಿದ್ದವರ ಲೇಖನಿಗಾಗಿ ದೇಶವೇ ಕಾದು ಕುಳಿತ ಸಂದರ್ಭವದು.

ಸಂವಿಧಾನದಲ್ಲಿಲ್ಲದ ಹುದ್ದೆ

ಉಪಮುಖ್ಯಮಂತ್ರಿ ಎಂಬ ಹುದ್ದೆ ನಮ್ಮ ಸಂವಿಧಾನದಲ್ಲಿ ಎಲ್ಲಿಯೂ ಇಲ್ಲ. 164ನೆಯ ವಿಧಿಯು ಮುಖ್ಯಮಂತ್ರಿಯನ್ನೂ ಇತರ ಮಂತ್ರಿಗಳನ್ನೂ ಕುರಿತು ಮಾತ್ರ ಹೇಳುತ್ತದೆ. ಈ ನೇಮಕಗಳನ್ನು ಪ್ರಶ್ನಿಸಿದ ಅರ್ಜಿಯನ್ನು 2024ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ವಜಾಗೊಳಿಸಿತು. ಉಪಮುಖ್ಯಮಂತ್ರಿಯೂ ಒಬ್ಬ ಮಂತ್ರಿಯಷ್ಟೇ, ಹೆಸರಿನಿಂದ ಸಂವಿಧಾನಕ್ಕೆ ಭಂಗವಿಲ್ಲ ಎಂಬುದು ಅದರ ಅಭಿಪ್ರಾಯದ ಸಾರ. ಕಾನೂನಿನ ದೃಷ್ಟಿಯಿಂದ ಇದು ಸರಿಯೇ. ಆದರೆ ಕರ್ನಾಟಕದ ಅನುಭವ ಬೇರೊಂದು ಸಂಗತಿಯನ್ನು ಹೇಳುತ್ತದೆ.

1993ರಿಂದ 2007ರವರೆಗೆ ನಮ್ಮಲ್ಲಿ ಈ ಹುದ್ದೆಯಲ್ಲಿದ್ದವರು ಐವರು: ಎಸ್.ಎಂ. ಕೃಷ್ಣ, ಜೆ.ಎಚ್. ಪಟೇಲ್, ಸಿದ್ದರಾಮಯ್ಯ, ಎಂ.ಪಿ. ಪ್ರಕಾಶ್ ಮತ್ತು ಬಿ.ಎಸ್. ಯಡಿಯೂರಪ್ಪ. ಪ್ರಕಾಶ್ ಅವರೊಬ್ಬರನ್ನು ಬಿಟ್ಟು ಉಳಿದ ನಾಲ್ವರೂ ಮುಂದೆ ಮುಖ್ಯಮಂತ್ರಿಗಳಾದರು. ಐವರಲ್ಲಿ ನಾಲ್ವರು ಮೇಲಿನ ಪೀಠಕ್ಕೆ ಏರಿದ ಮೇಲೆ ಇದನ್ನು ಹೆಸರಿಗಷ್ಟೇ ಇರುವ ಹುದ್ದೆ ಎನ್ನಲಾದೀತೆ?

ಈ ಹುದ್ದೆಯಲ್ಲಿದ್ದವರ ತೀರ್ಮಾನಗಳು ನಮ್ಮ ಅಂಗಡಿಯ ಬಾಗಿಲಿಗೇ ಬಂದಿವೆ. 1994ರಲ್ಲಿ ಜನರು ಮತ ನೀಡಿದ್ದು ಶ್ರೀ ಎಚ್.ಡಿ. ದೇವೇಗೌಡರ ಮುಖ ನೋಡಿ. ಅವರು 1996ರ ಜೂನ್‌ನಲ್ಲಿ ಪ್ರಧಾನಿಗಳಾದಾಗ ರಾಜ್ಯದ ಆಡಳಿತ ಉಪಮುಖ್ಯಮಂತ್ರಿ ಪಟೇಲರ ಕೈಗೆ ಬಂದಿತು. 1997ರಲ್ಲಿ ಪಟೇಲರ ಸರ್ಕಾರ ದಾವಣಗೆರೆ, ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ, ಉಡುಪಿ, ಚಾಮರಾಜನಗರ ಎಂಬ ಏಳು ಹೊಸ ಜಿಲ್ಲೆಗಳನ್ನು ರಚಿಸಿತು. ಜಿಲ್ಲೆಗಳ ಸಂಖ್ಯೆ 20ರಿಂದ 27ಕ್ಕೆ ಏರಿತು. ಆ ಊರುಗಳ ವರ್ತಕರ ಪಾಲಿಗೆ ಅದು ಎಷ್ಟು ದೊಡ್ಡ ಬದಲಾವಣೆಯೆಂದು ಹೇಳಬೇಕಾಗಿಲ್ಲ. ಕ್ರಮ ಒಳ್ಳೆಯದೇ ಇರಬಹುದು. ಆದರೆ ಅದನ್ನು ಕೈಗೊಂಡವರು ಯಾರ ಹೆಸರಿನಲ್ಲಿ ಮತ ಕೇಳಲಾಗಿತ್ತೋ ಅವರಲ್ಲ.

ಇನ್ನು ತೆರಿಗೆಯ ವಿಷಯ. 2005ರ ಏಪ್ರಿಲ್ 1ರಂದು ಮೌಲ್ಯವರ್ಧಿತ ತೆರಿಗೆ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದಾಗ ಹಣಕಾಸು ಖಾತೆಯಿದ್ದದ್ದು ಅಂದಿನ ಉಪಮುಖ್ಯಮಂತ್ರಿ ಸಿದ್ದರಾಮಯ್ಯನವರ ಬಳಿ. ಹಳೆಯ ಮಾರಾಟ ತೆರಿಗೆಯ ಲೆಕ್ಕ ಬಿಟ್ಟು ಶೇ. 4, ಶೇ. 12.5ರ ಹೊಸ ಲೆಕ್ಕಕ್ಕೆ ಹೊಂದಿಕೊಳ್ಳಲು ನಾವು ಪಟ್ಟ ಪಾಡು ಹಿರಿಯ ಓದುಗರಿಗೆ ನೆನಪಿದ್ದೀತು. ಅದೇ ವರ್ಷ ಆಗಸ್ಟ್‌ನಲ್ಲಿ ಅವರು ಮಂತ್ರಿಮಂಡಲದಿಂದ ಹೊರಬಂದರು. ಹೊಸ ತೆರಿಗೆಗೆ ಇನ್ನೂ ಐದು ತಿಂಗಳು ತುಂಬಿರಲಿಲ್ಲ. ಅದನ್ನು ತಂದ ಮಂತ್ರಿಗಳೇ ಖಾತೆಯಲ್ಲಿರಲಿಲ್ಲ. 2006 ಮತ್ತು 2007ರಲ್ಲಿ ಮುಂಗಡ ಪತ್ರ ಮಂಡಿಸಿದವರೂ ಉಪಮುಖ್ಯಮಂತ್ರಿಗಳೇ, ಶ್ರೀ ಯಡಿಯೂರಪ್ಪನವರು. ಇಪ್ಪತ್ತು ತಿಂಗಳ ಅಧಿಕಾರ ಹಂಚಿಕೆಯ ಮಾತಿನ ಮೇಲೆ ನಿಂತ ಆ ಸರ್ಕಾರ, ಅಧಿಕಾರ ಹಸ್ತಾಂತರದ ಗಳಿಗೆ ಬಂದಾಗ 2007ರಲ್ಲಿ ಕುಸಿಯಿತು. ಎರಡನೆಯವರು ಮೊದಲನೆಯವರಾಗುವುದು ಎಂದು, ಹೇಗೆ ಎಂಬ ಒಪ್ಪಂದ ನಾಯಕರ ನಡುವಿನದಾಗಿತ್ತೇ ಹೊರತು ಜನರ ಮುಂದಿಟ್ಟದ್ದಾಗಿರಲಿಲ್ಲ.

ನಮ್ಮ ಮೂರು ಕ್ಷೇತ್ರಗಳ ಪಾಠ

ಹಳೆಯ ಬೆಂಗಳೂರಿನ ಮೂರು ಬಡಾವಣೆಗಳ ಅನುಭವವನ್ನೇ ನೋಡಬಹುದು. ಬಸವನಗುಡಿಯವರು 1985ರಲ್ಲಿ ಶ್ರೀ ರಾಮಕೃಷ್ಣ ಹೆಗಡೆಯವರನ್ನು ಆರಿಸಿದರು. 1988ರ ಆಗಸ್ಟ್‌ನಲ್ಲಿ ಹೆಗಡೆಯವರು ರಾಜೀನಾಮೆ ನೀಡಿ ಶ್ರೀ ಎಸ್.ಆರ್. ಬೊಮ್ಮಾಯಿಯವರು ಬಂದರು, 1989ರ ಏಪ್ರಿಲ್‌ನಲ್ಲಿ ಆ ಸರ್ಕಾರವನ್ನೇ ವಜಾ ಮಾಡಲಾಯಿತು. ಚಾಮರಾಜಪೇಟೆಯವರು 2004ರಲ್ಲಿ ಅಂದಿನ ಮುಖ್ಯಮಂತ್ರಿ ಕೃಷ್ಣ ಅವರನ್ನು ಗೆಲ್ಲಿಸಿದರು. ಫಲಿತಾಂಶ ಅತಂತ್ರವಾಗಿ ಶ್ರೀ ಧರ್ಮಸಿಂಗ್ ಮುಖ್ಯಮಂತ್ರಿಗಳಾದರು. ಆ ಡಿಸೆಂಬರ್‌ನಲ್ಲಿ ಕೃಷ್ಣ ಅವರು ಮಹಾರಾಷ್ಟ್ರದ ರಾಜ್ಯಪಾಲರಾಗಿ ತೆರಳಿ, 2005ರಲ್ಲಿ ಕ್ಷೇತ್ರ ಮತ್ತೊಮ್ಮೆ ಉಪಚುನಾವಣೆಯ ಮತಗಟ್ಟೆಗೆ ಹೋಯಿತು. ಮಲ್ಲೇಶ್ವರದವರು 2018ರಲ್ಲಿ ಒಬ್ಬ ಶಾಸಕರನ್ನು ಆರಿಸಿದರು; 2019ರ ಆಗಸ್ಟ್‌ನಲ್ಲಿ ಆ ಶಾಸಕ, ಡಾ. ಸಿ.ಎನ್. ಅಶ್ವತ್ಥನಾರಾಯಣ ಅವರು, ಉಪಮುಖ್ಯಮಂತ್ರಿಗಳಾದರು. ಏರಿದ್ದಾಗಲಿ ಇಳಿದದ್ದಾಗಲಿ, ಒಂದೂ ಮತದಾರನಿಗೆ ಮೊದಲೇ ತಿಳಿದಿರಲಿಲ್ಲ.

ಆ ಸಲ ಉಪಮುಖ್ಯಮಂತ್ರಿಗಳಾದವರು ಮೂವರು. ಅವರಲ್ಲಿ ಶ್ರೀ ಲಕ್ಷ್ಮಣ ಸವದಿಯವರು 2018ರ ಚುನಾವಣೆಯಲ್ಲಿ ಸೋತಿದ್ದು, ಪ್ರಮಾಣವಚನದ ದಿನ ಯಾವ ಸದನದ ಸದಸ್ಯರೂ ಆಗಿರಲಿಲ್ಲ. 2012ರಲ್ಲಿ ಇಬ್ಬರು, 2018ರಲ್ಲಿ ಒಬ್ಬರು, 2019ರಲ್ಲಿ ಮೂವರು. 2021ರ ಜುಲೈನಲ್ಲಿ ಶ್ರೀ ಬಸವರಾಜ ಬೊಮ್ಮಾಯಿಯವರ ಸರ್ಕಾರ ಬಂದಾಗ ಒಬ್ಬರೂ ಇಲ್ಲ. ಮೂವರಿದ್ದಾಗ ಆಡಳಿತದ ವೇಗ ಮೂರು ಪಟ್ಟಾಗಲಿಲ್ಲ. ಒಬ್ಬರೂ ಇಲ್ಲದಾಗ ವಿಧಾನಸೌಧದ ಕೆಲಸವೂ ನಿಲ್ಲಲಿಲ್ಲ. 2003ರ ಸಂವಿಧಾನ ತಿದ್ದುಪಡಿಯಿಂದ ನಮ್ಮ 224 ಸದಸ್ಯರ ಸಭೆಗೆ ಮುಖ್ಯಮಂತ್ರಿಯೂ ಸೇರಿ 34 ಮಂತ್ರಿಗಳ ಮಿತಿ ಬಂದಿದೆ. ಮಂತ್ರಿಸ್ಥಾನ ಹೆಚ್ಚಿಸಲಾಗದ ಕಡೆ ಬಿರುದು ಹೆಚ್ಚಿಸುವುದು ಪಕ್ಷಗಳಿಗೆ ಸುಲಭದ ದಾರಿಯಾಯಿತು.

ಪಕ್ಷಗಳ ಪರವಾಗಿಯೂ ಹೇಳಬೇಕಾದ ಮಾತಿದೆ. ನಮ್ಮದು ಸಂಸದೀಯ ಪದ್ಧತಿ. ನಾಯಕನನ್ನು ಆರಿಸುವುದು ಶಾಸಕಾಂಗ ಪಕ್ಷದ ಹಕ್ಕು. ಪರಿಶಿಷ್ಟ ಜಾತಿಗಳಿಂದ ಬಂದ ಡಾ. ಜಿ. ಪರಮೇಶ್ವರ, ಶ್ರೀ ಗೋವಿಂದ ಕಾರಜೋಳರಂಥವರು ಆ ಸ್ಥಾನ ಪಡೆದದ್ದು ದೊಡ್ಡ ಸಮುದಾಯಕ್ಕೆ ದೊರೆತ ಮನ್ನಣೆ. ಇದನ್ನು ಅಲ್ಲಗಳೆಯಲಾಗದು. ಆದರೆ ಮನ್ನಣೆ ನಿಜವಾಗುವುದು ಅಧಿಕಾರವುಳ್ಳ ಖಾತೆ ಜೊತೆಗಿದ್ದಾಗ. ಅಂಥ ಮನ್ನಣೆಯನ್ನು ಚುನಾವಣೆಗೆ ಮೊದಲೇ ಘೋಷಿಸಿದರೆ ಅದರ ಘನತೆ ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ.

ನಾವು ಕೇಳಬೇಕಾದದ್ದು

ಬೆಂಗಳೂರಿನ ವರ್ತಕರಿಗಂತೂ ಇದು ದಿನನಿತ್ಯದ ಪ್ರಶ್ನೆ. ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ನಗರಕ್ಕೆ ಮೇಯರ್ ಇರಲಿಲ್ಲ. ರಸ್ತೆ, ಚರಂಡಿ, ಕಸ, ವ್ಯಾಪಾರ ಪರವಾನಗಿಗಳ ದೂರು ಹೇಳಿಕೊಳ್ಳಲು ವಾರ್ಡಿನ ಪ್ರತಿನಿಧಿಯೇ ಇಲ್ಲದಾಗ, ಬೆಂಗಳೂರು ಅಭಿವೃದ್ಧಿ ಖಾತೆ ಯಾರ ಕೈಯಲ್ಲಿದೆ ಎಂಬುದೇ ಮುಖ್ಯವಾಯಿತು. 2018ರಲ್ಲಿಯೂ 2023ರಲ್ಲಿಯೂ ಆ ಖಾತೆ ಉಪಮುಖ್ಯಮಂತ್ರಿಗಳ ಪಾಲಿಗೇ ಬಂದಿತು. ನಗರದ ಆಡಳಿತವನ್ನು ವಹಿಸಿಕೊಳ್ಳುವವರು ಯಾರೆಂದು ಮತ ಹಾಕುವ ಮುನ್ನ ತಿಳಿಯಬೇಕೆನ್ನುವುದು ಅತಿಯಾಸೆಯಲ್ಲ.

ಇದಕ್ಕೆ ಕಾನೂನಿನ ತಿದ್ದುಪಡಿ ಬೇಕಿಲ್ಲ. ಪಕ್ಷಗಳ ಪ್ರಣಾಳಿಕೆಯಲ್ಲಿ ಮೂರು ಸಾಲು ಸಾಕು. ಉಪಮುಖ್ಯಮಂತ್ರಿಗಳಿರುವರೇ, ಇದ್ದರೆ ಎಷ್ಟು ಮಂದಿ ಮತ್ತು ಯಾರು? ಹಣಕಾಸು, ಕೈಗಾರಿಕೆ, ಬೆಂಗಳೂರು ಅಭಿವೃದ್ಧಿ ಖಾತೆಗಳು ಯಾರಿಗೆ? ಮುಖ್ಯಮಂತ್ರಿ ನಡುವೆ ಸ್ಥಾನ ತೆರವು ಮಾಡಿದರೆ ಮುಂದಿನವರು ಯಾರು, ಅಧಿಕಾರ ಹಂಚಿಕೆಯ ಒಪ್ಪಂದವೇನಾದರೂ ಇದೆಯೇ? ಫಲಿತಾಂಶದ ಅನಂತರ ಪಕ್ಷಗಳು ಕೈಜೋಡಿಸಬೇಕಾಗಿ ಬಂದರೆ ಆ ಒಪ್ಪಂದದ ಪ್ರತಿಯನ್ನು ಪ್ರಮಾಣವಚನಕ್ಕೆ ಮುಂಚೆಯೇ ಪ್ರಕಟಿಸಲಿ.

ಪ್ರತಿ ವರ್ಷ ಮುಂಗಡ ಪತ್ರಕ್ಕೆ ಮುನ್ನ ನಮ್ಮ ಸಂಸ್ಥೆಗಳು ಸರ್ಕಾರಕ್ಕೆ ಮನವಿ ಪತ್ರ ಸಲ್ಲಿಸುತ್ತವೆ. ಚುನಾವಣೆಗೆ ಮುನ್ನ ಎಲ್ಲ ಪಕ್ಷಗಳಿಗೂ ಈ ಮೂರು ಪ್ರಶ್ನೆಗಳ ಪತ್ರವೊಂದನ್ನು ಕಳುಹಿಸಿ, ಬಂದ ಉತ್ತರಗಳನ್ನೂ ಉತ್ತರಿಸದವರ ಹೆಸರುಗಳನ್ನೂ ಇದೇ ಪತ್ರಿಕೆಯಲ್ಲಿ ಪ್ರಕಟಿಸುವುದು ಕಷ್ಟವಲ್ಲ. ಮತ ಕೇಳುತ್ತ ಅಂಗಡಿಗೆ ಬರುವ ಅಭ್ಯರ್ಥಿಗೆ ನಾವೂ ಅದೇ ಪ್ರಶ್ನೆ ಹಾಕಬಹುದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ನಮಗೆ ಅನ್ವಯಿಸದಿರಲಿ. ಅಂಗಡಿಯ ಬೀಗದ ಕೈ ಯಾರ ಬಳಿಯೆಂದು ತಿಳಿಯದೆ ಪಾಲುದಾರಿಕೆಗೆ ಸಹಿ ಹಾಕದ ನಾವು, ರಾಜ್ಯದ ಬೀಗದ ಕೈಯ ವಿಷಯದಲ್ಲಿಯೂ ಅಷ್ಟೇ ಎಚ್ಚರದಿಂದಿರೋಣ.