ಗೋರಿಯೊಳಗಿನ ಕರಡಿ ಚರ್ಮ

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ, ಡೆವನ್ ಪ್ರಾಂತ್ಯದಲ್ಲಿ, ಡಾರ್ಟ್‌ಮೂರ್ ಎಂಬ ಎತ್ತರದ ಬಯಲಿದೆ. ಎತ್ತ ನೋಡಿದರೂ ಹುಲ್ಲು, ಕುರುಚಲು, ಕಾಲಿಟ್ಟರೆ ಹುದುಗುವ ಜೌಗು, ಹೇಳದೆ ಕೇಳದೆ ಕವಿಯುವ ಮಂಜು. ಇತಿಹಾಸಪೂರ್ವ ಕಾಲದ ಜನ ನೆಟ್ಟ 70ಕ್ಕೂ ಹೆಚ್ಚು ಕಲ್ಲಿನ ಸಾಲುಗಳು ಇಲ್ಲಿ ಉಳಿದಿವೆ. ಅವುಗಳಲ್ಲೊಂದು ಮೂರು ಕಿಲೋಮೀಟರಿಗಿಂತಲೂ ಉದ್ದ!

ನೋಡಲು ಸುಲಭವಾದದ್ದು ರಸ್ತೆಯ ಪಕ್ಕದಲ್ಲೇ ಇರುವ ಮೆರಿವೇಲ್. ಹೋದವರಿಗೆ ಮೊದಲು ನಿರಾಸೆಯಾದೀತು. ಹೆಚ್ಚಿನ ಕಲ್ಲುಗಳು ಮೊಣಕಾಲೆತ್ತರವೂ ಇಲ್ಲ. ಆದರೆ ಸಾಲಿನ ತುದಿಯಲ್ಲಿ ಬಗ್ಗಿ ಕಣ್ಣು ಹಾಯಿಸಿ ನೋಡಿ: ಜೋಡಿ ಗೆರೆ 260 ಮೀಟರಿನಷ್ಟು ದೂರ ನೆಟ್ಟಗೆ ಸಾಗುತ್ತದೆ. ಇವನ್ನು ಏಕೆ ನೆಟ್ಟರೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಡಾರ್ಟ್‌ಮೂರ್‌ನ ಹಲವು ಸಾಲುಗಳ ತುದಿಯಲ್ಲಿ ಕಲ್ಲುಗುಪ್ಪೆಯ ಸಮಾಧಿ ಇದೆ.

ಮೆರಿವೇಲ್‌ನಲ್ಲಿ ಚಪ್ಪಡಿಗಳಿಂದ ಕಟ್ಟಿದ ಪೆಟ್ಟಿಗೆಯಂಥ ಗೋರಿಯೊಂದಿದೆ. ಅದರ ಮುಚ್ಚಳದ ನಡುಭಾಗವೇ ಇಲ್ಲ. 19ನೆಯ ಶತಮಾನದಲ್ಲಿ ಯಾರೋ ಗೇಟಿನ ಕಂಬಕ್ಕೆಂದು ಕತ್ತರಿಸಿ ಒಯ್ದರಂತೆ! ಬಯಲಿನ ಇತರ ಗೋರಿಗಳ ಪಾಡೂ ಹೆಚ್ಚು ಕಡಿಮೆ ಇದೇ. ನಿಧಿಗಳ್ಳರು ಎಂದೋ ಅಗೆದಿದ್ದಾರೆ. ಅವರು ಬಿಟ್ಟ ಮೂಳೆಯನ್ನು ಹುಳಿಮಣ್ಣು ಕರಗಿಸಿದೆ.

ಆದರೆ ವೈಟ್‌ಹಾರ್ಸ್ ಹಿಲ್‌ನ ಗೋರಿಯೊಂದು ಯಾರ ಕೈಗೂ ಸಿಗದೆ, ಪೀಟ್ ಎಂಬ ಕಪ್ಪು ಜೌಗು ಮಣ್ಣಿನೊಳಗೆ ಅಡಗಿತ್ತು. 2011ರಲ್ಲಿ ಅದನ್ನು ತೆರೆದಾಗ ಸುಟ್ಟ ಎಲುಬುಗಳು ಕರಡಿ ಚರ್ಮದಲ್ಲಿ ಸುತ್ತಿದಂತೆ ಸಿಕ್ಕವು. ಹರೆಯದ ವ್ಯಕ್ತಿಯ ಎಲುಬುಗಳು. ಜೊತೆಗೆ ಹೆಣೆದ ಬುಟ್ಟಿ, ತುರಿಕೆ ಗಿಡದ ನಾರಿನ ಬಟ್ಟೆ, 200ಕ್ಕೂ ಹೆಚ್ಚು ಮಣಿಗಳು. ಕೆಲವು ಮಣಿಗಳ ಅಂಬರು ದೂರದ ಬಾಲ್ಟಿಕ್ ತೀರದಿಂದ ಬಂದಿರಬೇಕು. ಕಾಲ ಕ್ರಿ.ಪೂ. 1700ರ ಆಸುಪಾಸು. ಗಾಳಿಯಾಡದ ಪೀಟ್ ಚರ್ಮ, ನಾರುಗಳನ್ನು ಕೊಳೆಯಗೊಡಲಿಲ್ಲ. ನಿಧಿಗಳ್ಳರ ಕೈಗೆ ಸಿಕ್ಕಿದ್ದರೆ ಆ ಬುಟ್ಟಿಯನ್ನು ಕಸವೆಂದೇ ಎಸೆಯುತ್ತಿದ್ದರು.

ಕಲ್ಲಿನ ಸಾಲು ನೋಡಲು ಇಂಗ್ಲೆಂಡಿಗೇ ಹೋಗಬೇಕಾಗಿಲ್ಲ. ಯಾದಗಿರಿ ಜಿಲ್ಲೆಯ ಶಹಾಪುರದ ಬಳಿ ವಿಭೂತಿಹಳ್ಳಿಯಲ್ಲಿ ಗುಂಡುಕಲ್ಲುಗಳನ್ನು ಸಾಲುಸಾಲಾಗಿ ಇಟ್ಟ ಬಯಲಿದೆ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೆಯ ಶತಮಾನದಲ್ಲೇ ಆ ಸೀಮೆಯ ಕಲ್ಗೋರಿಗಳ ಬಗ್ಗೆ ಬರೆದ. ಬ್ರಿಟನ್ನಿನ ಇಂಥ ಗೋರಿಗಳಿಗಿದ್ದ ಹೆಸರುಗಳನ್ನೇ ಇವಕ್ಕೂ ಬಳಸಿದ. ರಜೆಯಲ್ಲಿ ಮಕ್ಕಳೊಡನೆ ಅತ್ತ ಹೋಗುವವರು ನೀರು, ಟೋಪಿ, ಅಳತೆ ಪಟ್ಟಿ, ಚೌಕಳಿ ಹಾಳೆ ಒಯ್ಯಿರಿ. ಕಲ್ಲುಗಳನ್ನು ಎಣಿಸಿ, ಅಂತರ ಅಳೆದು, ನಕ್ಷೆ ಬರೆಯಲಿ. ಅತ್ತಿತ್ತ ಸರಿದಂತೆ ಕಂಡ ಕಲ್ಲನ್ನು ಸಾಲಿಗೆ ಸೇರಿಸುವ ಉತ್ಸಾಹ ಮಾತ್ರ ಬೇಡ. ಅದು ಇರುವ ಜಾಗವನ್ನೇ ನಕ್ಷೆಯಲ್ಲಿ ಗುರುತಿಸಲಿ.